ಅರ್ಧ ದಾರಿಯ ಬುತ್ತಿ

ಕಂಪನಿಯ ಹೊಸ ಪದ್ಧತಿಯಲ್ಲಿ ಯಾವ ಡ್ರೈವರೂ ಪೂರ್ತಿ ದಾರಿ ಲಾರಿ ಓಡಿಸುವಂತಿರಲಿಲ್ಲ. ಫಕೀರಪ್ಪ ಹುಬ್ಬಳ್ಳಿಯಿಂದ ತಂದ ಲಾರಿಯನ್ನು ಚಿತ್ರದುರ್ಗದ ಯಾರ್ಡಿನಲ್ಲಿ ಬಿಟ್ಟು, ಬೆಂಗಳೂರಿನಿಂದ ಬಂದು ನಿಂತಿದ್ದ ಲಾರಿ ಹತ್ತಿ ಹಿಂದಿರುಗಬೇಕು. ಸರಕು ಎಲ್ಲೂ ಹೆಚ್ಚು ಹೊತ್ತು ನಿಲ್ಲದೆ ಎರಡೂ ಊರು ಸೇರುತ್ತಿತ್ತು. ಆದರೆ ಕಂಪನಿ ಕ್ಲೀನರ್‌ನನ್ನೂ ಬಿಡಿಸಿದ ಮೇಲೆ ದಾರಿಯಲ್ಲಿ ಮಾತಿಗೆ ಯಾರೂ ಉಳಿಯಲಿಲ್ಲ. ಹೆಂಡತಿ ತೀರಿಕೊಂಡ ಮನೆಯಲ್ಲಂತೂ ಮೊದಲೇ ಇರಲಿಲ್ಲ.

ಆ ಕಡೆಯ ಡ್ರೈವರ್ ಬರುವ ವೇಳೆಯೇ ಬೇರೆ. ಅವನ ಮುಖ ಫಕೀರಪ್ಪ ಕಂಡಿರಲಿಲ್ಲ. ಪಾಪ, ಅವನೂ ತನ್ನ ಹಾಗೆ ಒಬ್ಬನೇ ಇರಬೇಕೆಂದುಕೊಂಡು, ಒಂದು ದಿನ ತಾನು ಬಿಟ್ಟುಹೋಗುವ ಲಾರಿಯ ಸೀಟಿನ ಮೇಲೆ ರೊಟ್ಟಿ, ಶೇಂಗಾ ಚಟ್ನಿ ತುಂಬಿದ ಡಬ್ಬಿ ಇಟ್ಟ. ಮರುದಿನ ಹತ್ತಿದ ಲಾರಿಯಲ್ಲಿ ಅದೇ ಡಬ್ಬಿ ತೊಳೆದಿಟ್ಟಿತ್ತು. ಒಳಗೆ ದೇವರ ಪಟಕ್ಕೆಂದು ಒಂದು ಮೊಳ ಸೇವಂತಿಗೆ. ಅಂದಿನಿಂದ ಫಕೀರಪ್ಪ ನಸುಕಿನಲ್ಲೇ ಎದ್ದು ಇಬ್ಬರಿಗಾಗುವಷ್ಟು ರೊಟ್ಟಿ ಬಡಿಯತೊಡಗಿದ.

ದೀಪಾವಳಿಗೆ ಹೋಳಿಗೆ ಕಟ್ಟಿಕೊಂಡು ಬಂದವನು, ಎಂದಿನಂತೆ ಕೀಲಿ ಚಾಚಿದ ಯಾರ್ಡಿನ ವಾಚ್‌ಮನ್‌ನನ್ನು ಮೊದಲ ಸಲ ಮಾತಾಡಿಸಿದ.

"ಬೆಂಗಳೂರ ಗಾಡಿ ತರೋ ಡ್ರೈವರ್ ಯಾವಾಗ ಬರ್ತಾನ್ರಿ? ಇವತ್ತ ಕಾದು ಭೆಟ್ಟಿ ಆಗೇ ಹೋಗ್ತೀನಿ."

"ಯಾರನ್ನಂತ ಕಾಯ್ತೀರಾ? ದಿನಕ್ಕೊಬ್ಬ ಬರ್ತಾನೆ, ಗಾಡಿ ನಿಲ್ಸಿ ಇನ್ನೊಂದು ತಗೊಂಡು ಹೋಗ್ತಾನೆ."

"ಮತ್ತ ನನ್ನ ರೊಟ್ಟಿ ಯಾರು ತಿಂತಾರ?"

ವಾಚ್‌ಮನ್ ತಲೆ ತಗ್ಗಿಸಿದ.

"ಚಟ್ನಿ ಮಾತ್ರ ಸ್ವಲ್ಪ ಖಾರ ಜಾಸ್ತಿ, ಅಣ್ಣಾ."