ಅಡುಗೆಮನೆಯ ಹಸಿ ಗೋಡೆ

ಶಂಕ್ರವ್ವನ ಅಡುಗೆಮನೆಯ ಗೋಡೆ ಒಂಬತ್ತು ವರ್ಷಗಳಿಂದ ಹಸಿಯಾಗಿಯೇ ಇತ್ತು. ಗಾರೆ ಮಾಡಿದವನಿಗೆ ದುಡ್ಡು ಸೇರಬೇಕು, ಇಲ್ಲವೇ ಅವನು ಹಕ್ಕು ಬಿಟ್ಟು ಸಹಿ ಹಾಕಬೇಕು. ಅಲ್ಲಿಯವರೆಗೆ ಯಾವ ಗೋಡೆಯೂ ಒಣಗುವುದಿಲ್ಲ. ಆ ಬಡಾವಣೆಯಲ್ಲಿ ಇಂಥ ಮನೆಗಳು ಬೇಕಾದಷ್ಟಿದ್ದವು. ಅವಳು ಗೋಡೆಗೆ ಒರಗದೆ ಬದುಕುವುದನ್ನು ಕಲಿತಿದ್ದಳು. ಮೊಳೆ ನಿಲ್ಲದ್ದರಿಂದ ತೀರಿಹೋದ ಗಂಡನ ಫೋಟೊ ಅಕ್ಕಿ ಡಬ್ಬಿಯ ಮೇಲೆ ಮಲಗಿತ್ತು.

ಮಧ್ಯಾಹ್ನ ಆ ಗೋಡೆಗೆ ಗಾರೆ ಮಾಡಿದ್ದ ಮೇಸ್ತ್ರಿ ದುರ್ಗಪ್ಪ ಕೋರ್ಟಿನಿಂದ ನೇರವಾಗಿ ಬಂದ.

"ಏನಂದ್ರಪಾ ಕೋರ್ಟಿನಾಗ?" ಎಂದಳು.

"ಬಿಲ್ಡರ್ ನನಗ ದುಡ್ಡು ಕೊಡಬೇಕಂತ ಕೋರ್ಟಿನ ಹೊರಗ ನೇಮಿಸಿದ್ದ ತೀರ್ಪುಗಾರರು ಬರದದ್ದು ಖರೆನೋ ಸುಳ್ಳೋ ನಾವು ನೋಡಂಗಿಲ್ಲ ಅಂದ್ರು ಜಡ್ಜ್ ಸಾಹೇಬ್ರು. ಅವರು ಗಡುವು ದಾಟಿ ಒಂದು ದಿನ ತಡಾ ಮಾಡಿ ಬರದಾರ, ಅದಕ್ಕ ರದ್ದಂತ. ಮತ್ತ ಮೊದಲಿಂದ ಹೂಡಬೇಕಂತ್ರೀ ಯವ್ವಾ."

ಯಾರದೋ ಕೇಸಿನ ಸುದ್ದಿ ಹೇಳುವಂತಿತ್ತು ಅವನ ದನಿ. ಶಂಕ್ರವ್ವ ಚಹಾ ಕೊಟ್ಟಳು. ಬಿಲ್ಡರ್ ಕಡೆಯವರು ಬಿಟ್ಟುಹೋಗಿದ್ದ ಹಕ್ಕು ಬಿಡುವ ಕಾಗದ ಮೇಜಿನ ಮೇಲಿತ್ತು. ಅವಳು ಅದನ್ನು ಮುಂದಕ್ಕೆ ತಳ್ಳಲಿಲ್ಲ, ಮುಚ್ಚಿಡಲೂ ಇಲ್ಲ.

ದುರ್ಗಪ್ಪ ಪೆನ್ನು ತೆಗೆದ. ಏನೋ ನೆನಪಾಗಿ ಮತ್ತೆ ಕಿಸೆಗೆ ಹಾಕಿಕೊಂಡ. ಪ್ರತಿ ವಾಯಿದೆಗೂ ಕೋರ್ಟಿನ ಅಮೀನ ಬಂದು ಗೋಡೆ ಒತ್ತಿ ನೋಡಿದ್ದ ಹೆಬ್ಬೆರಳಿನ ಗುಂಡಿಗಳನ್ನೆಲ್ಲ ಕರಣಿಯಿಂದ ಒಂದೊಂದಾಗಿ ಸವರಿ ಮಟ್ಟ ಮಾಡಿದ.

"ಯಜಮಾನ್ರ ಫೋಟೊ ಎಲ್ಲಿ ಹಾಕ್ತೀರಿ?"

ಅವಳು ತೋರಿಸಿದಳು. ಅವನು ಅಲ್ಲಿ ಮೊಳೆಯೊಂದನ್ನು ಒತ್ತಿ, ವಾಲದಂತೆ ಎಡಗೈಯಲ್ಲಿ ಹಿಡಿದು ನಿಂತ. ಶಂಕ್ರವ್ವ ಕಾಗದವನ್ನು ಊಟದ ತಟ್ಟೆಯ ಮೇಲಿಟ್ಟು ಅವನ ಮುಂದೆ ಎತ್ತಿ ಹಿಡಿದಳು. ಅವನು ಬಲಗೈಯಿಂದ ಸಹಿ ಹಾಕಿದ.

ಎಡಗೈಯ ಬೆರಳುಗಳ ನಡುವೆಯೇ ಮೊಳೆ ಗೋಡೆಯಲ್ಲಿ ಬಿಗಿಯಾಯಿತು.