ಹೊರಡುವಾಗ ತೊಳೆಯುವ ಕಾಲು

ಮರಳು ಊರೂರುಗಳನ್ನೇ ನುಂಗಿದ ಮೇಲೆ, ನೆಂಟರು ಬಂದಾಗಲ್ಲ, ಹೊರಡುವಾಗ ಕಾಲು ತೊಳೆಯುವುದು ರೂಢಿಯಾಗಿತ್ತು. ಒಬ್ಬರ ಹೊಲದ ಕಪ್ಪು ಮಣ್ಣು ಒಂದು ಚಿಟಿಕೆಯೂ ಆಚೆ ಹೋಗಬಾರದು. ಕಾಲು ತೊಳೆದ ನೀರನ್ನೂ ಹೊಲಕ್ಕೇ ಚೆಲ್ಲುತ್ತಿದ್ದರು.

ಬೋರಮ್ಮನ ಅಣ್ಣನ ಹೆಂಡತಿ ದೇವೀರಮ್ಮ ಹಿಂದೊಮ್ಮೆ ಬಂದು ಹೊರಟಾಗ ಬೋಗುಣಿಯ ತಳದಲ್ಲಿ ಬರೀ ಬಿಳಿ ಮರಳು ನಿಂತಿತ್ತು. ಹಾಕಿದ ಕುರಿಗೊಬ್ಬರವೆಲ್ಲ ಒಂದೇ ಬೇಸಿಗೆಗೆ ಮಾಯವಾಗುತ್ತಿದ್ದ ಕಾಲ ಅದು. ಬೋರಮ್ಮ ಜಾಲಿ ಸುಟ್ಟು ಇದ್ದಿಲು ಮಾಡಿ, ಗಂಜಲದಲ್ಲಿ ನೆನೆಸಿ, ಗೊಬ್ಬರದ ಜೊತೆ ಮರಳಿಗೆ ಬೆರೆಸತೊಡಗಿದಾಗ, "ನಮ್ಮ ಬೋರಿ ಮರಳಿಗೆ ಮಸಿ ಬಳೀತಾವ್ಳೆ" ಎಂದು ಅತ್ತಿಗೆ ಬೋರಮ್ಮನ ತವರೂರಿನ ತುಂಬ ಆಡಿಕೊಂಡು ನಕ್ಕಿದ್ದಳು. ಬೋರಮ್ಮ ಅದನ್ನು ಮರೆತಿರಲಿಲ್ಲ.

ಇವತ್ತು ಅದೇ ಅತ್ತಿಗೆ ರಾಗಿ ಹೊಲವನ್ನೆಲ್ಲ ಸುತ್ತಿ ಬಂದು ಬೋಗುಣಿಯ ಮುಂದೆ ನಿಂತಳು. ಪಾದದ ತುಂಬ ಕಪ್ಪು ಮಣ್ಣು ಮೆತ್ತಿಕೊಂಡಿತ್ತು. ಕಾಲು ತೊಳೆಯಲು ಅವಳಿಗೆ ಮನಸ್ಸೇ ಬರಲಿಲ್ಲ.

"ಇಂಥ ಮಣ್ಣನ್ನ ನಮ್ಮೂರಲ್ಲಿ ಯಾರೂ ಕಂಡಿಲ್ಲ ಕಣೆ" ಎಂದಳು ಮೆಲ್ಲಗೆ.

ಬೋರಮ್ಮ ಬೋಗುಣಿಯನ್ನು ಎತ್ತಿ ಪಕ್ಕಕ್ಕಿಟ್ಟಳು. ಅವಳು ಕಂಡಂತೆ ಆ ಊರಿನಲ್ಲಿ ಯಾರೂ ಮಾಡದಿದ್ದ ಕೆಲಸ ಅದು.

"ತೊಳೀಬೇಡಿ ಅತ್ತಿಗೆ, ಹಂಗೇ ಹೋಗಿ" ಎಂದಳು. "ಸಂದೀಲಿ ಮಾತ್ರ ಹೋಗ್ಬೇಡಿ. ನನ್ನ ತವರೂರ ದೊಡ್ಡ ಬೀದೀಲೇ ಹೋಗಿ."