ಬಿಟ್ಟಿರಬೇಕಾದ ಬಿಳಿ

ಬಣ್ಣದ ಡಬ್ಬಿಯಲ್ಲಿ ಬಿಳಿಯೇ ಇರಲಿಲ್ಲ. ಕಾಗದದ ಮೇಲೆ ಜಂಬಣ್ಣ ಬರೆಯುತ್ತಿದ್ದ ತನ್ನದೇ ಮುಖ ಮುಗಿಯುತ್ತ ಬಂದಿತ್ತು. ಹಣೆಗೆ ವಿಭೂತಿ ಎಳೆಯುವುದೊಂದೇ ಬಾಕಿ. ಮಸ್ಕಿ ಬಜಾರಿನಲ್ಲಿ ಪಾತ್ರೆ ಮಾರಿ ಸವೆದ ಕೈ, ಅರವತ್ತರ ಹತ್ತಿರ ಬಂದು ಕುಂಚ ಹಿಡಿದಿತ್ತು. ಎದುರಿಗೆ ಕೊಡಕ್ಕೆ ಆನಿಸಿಟ್ಟ ಮೊಬೈಲಿನಲ್ಲಿ ಆನ್‌ಲೈನ್ ತರಗತಿ ನಡೆದಿತ್ತು.

“ಮೇಡಮ್ಮಾರ, ನನ್ನ ಡಬ್ಬ್ಯಾಗ ಬಿಳೀದು ಹಾಕೋದು ಮರ್ತಾರ್ರೀ ಅಂಗಡ್ಯಾವ್ರು.”

ಮೈಸೂರಿನ ಶೈಲಜಾ ಮೇಡಂ ನಕ್ಕರು. “ಮರೆತಿಲ್ಲ ಸರ್. ಜಲವರ್ಣದಲ್ಲಿ ನಾವು ಬಿಳಿ ಬಳಿಯೋದಿಲ್ಲ. ಎಲ್ಲಿ ಬಿಳಿ ಬೇಕೋ ಅಲ್ಲಿ ಕಾಗದವನ್ನ ಮೊದಲೇ ಬಿಟ್ಟುಕೊಂಡು ಬರಬೇಕು. ಬಣ್ಣ ಕೂತ ಮೇಲೆ ವಾಪಸ್ ಬರಲ್ಲ.”

ಪಕ್ಕದಲ್ಲಿ ತೊಗರಿಕಾಯಿ ಸುಲಿಯುತ್ತಿದ್ದ ಹೆಂಡತಿ ಅಂಬಮ್ಮನಿಗೆ ನಗು ಬಂತು. “ಈ ಅಕ್ಕಾರೂ ಸಿಂಧನೂರಿನ ಕಣ್ಣಿನ ಡಾಕ್ಟರಂಗ ಮಾತಾಡ್ತಾರಲ್ರೀ! ಹೋದದ್ದು ಬರಂಗಿಲ್ಲಮ್ಮ, ಮೊದ್ಲ ಬರಬೇಕಿತ್ತು ಅಂದಿದ್ರಲ್ಲ ಅವ್ರು.”

ಜಂಬಣ್ಣ ಮೈಕು ಆರಿಸಿದ. ಕಣ್ಣಂಚಿಗೆ ಮಂಜು ಕವಿದಂಗಾಗ್ತೈತಿ ಎಂದು ಅವಳು ಮೊದಲು ಹೇಳಿದಾಗ ಮದುವೆ ಸೀಜನ್ನು. ಮತ್ತೆ ಹೇಳಿದಾಗ ದೀಪಾವಳಿಯ ಮಾಲು ಇಳಿಯುತ್ತಿತ್ತು. ‘ಇದೊಂದು ಮುಗೀಲಿ’ ಎಂದಿದ್ದ. ಅಂಗಡಿಯ ಕೆಲಸಕ್ಕೆ ಮುಗಿಯುವ ಗುಣವೇ ಇಲ್ಲ.

ಡಾಕ್ಟರ ಮಾತು ಕೇಳಿಕೊಂಡು ಬಂದ ದಿನ, ಏನು ಬೇಕು ಕೇಳು ಎಂದಿದ್ದ. ಅವಳು ಬಂಗಾರ ಕೇಳಲಿಲ್ಲ, ಶ್ರೀಶೈಲವನ್ನೂ ಕೇಳಲಿಲ್ಲ. “ಕಣ್ಣಾಗ ಬೆಳಕು ಇರೋತನಕ ನಿಮ್ಮ ಮುಖ ನೋಡಬೇಕ್ರೀ. ಅದು ಮನ್ಯಾಗ ನಿಲ್ಲಂಗಿಲ್ಲ, ಗ್ವಾಡಿ ಮ್ಯಾಲಾದ್ರೂ ನಿಲ್ಲಲಿ. ಫೋಟೋ ಬ್ಯಾಡ, ಫೋಟೋದಾಗ ನೀವು ಗಿರಾಕಿ ನೋಡಿದಂಗ ನೋಡ್ತೀರಿ. ನೀವ ಕುಂತು ಬರೀರಿ, ದೊಡ್ಡದಾಗಿ.” ಅಂದಿನಿಂದ ಅಂಗಡಿಗೆ ಮಧ್ಯಾಹ್ನ ಬೀಗ. ಆದರೆ ಬೆರಳುಗಳು ಬಗ್ಗಬೇಕಲ್ಲ! ಮೂಗು ಕಲಿಯುವುದರೊಳಗೆ ಮುಂಗಾರು ಹೋಯಿತು, ಕಿವಿ ಕಲಿಯುವುದರೊಳಗೆ ಜೋಳ ತೆನೆಗೆ ಬಂತು.

“ವಿಭೂತಿ ಇಲ್ಲದ ಹಣಿ ಏನ್ ಹಣಿ? ಇತ್ತ ತರ್ರಿ” ಎಂದು ಅಂಬಮ್ಮ ಎದ್ದಳು. ಗೋಡೆ ಹಿಡಿದುಕೊಂಡೇ ದೇವರ ಜಗಲಿಗೆ ಹೋಗಿ ವಿಭೂತಿ ಗಟ್ಟಿ ತಂದಳು, ಅಂಗೈಯಲ್ಲಿ ನೀರು ಹಾಕಿ ತೇಯ್ದಳು. ಜಂಬಣ್ಣ ಕಾಗದವನ್ನು ಅವಳ ತೊಡೆಯ ಮೇಲಿಟ್ಟ. ಬಾಗಿಲ ಬೆಳಕಿಗೆ ತಿರುಗಿ ಅವಳು ಬಹಳ ಹೊತ್ತು ನೋಡಿದಳು.

“ಭಾಳ ಚಲೋ ಬಂದೈತ್ರೀ.”

“ಖರೇನ ಕಾಣಾಕತ್ತೈತೇನು?”

“ಕಾಣ್ದ ಏನು! ಮೀಸಿ ಮಾತ್ರ ಸುಳ್ಳು, ಇಷ್ಟು ದಪ್ಪ ಎಂದಿತ್ತು ನಿಮಗ?”

ಜಂಬಣ್ಣ ಮೀಸೆ ಬರೆದೇ ಇರಲಿಲ್ಲ.

ಅಂಬಮ್ಮ ಮೂರು ಬೆರಳು ವಿಭೂತಿಯಲ್ಲಿ ಅದ್ದಿ, ಶಿವಶಿವಾ ಎಂದು, ಎಡದಿಂದ ಬಲಕ್ಕೆ ನಿಧಾನವಾಗಿ ಎಳೆದಳು. ಗೆರೆಗಳು ಒಂದಿಷ್ಟೂ ಸೊಟ್ಟಗಾಗಲಿಲ್ಲ. ಕಾಗದದ ಎರಡೂ ಕಣ್ಣು ಬೂದಿಯ ಕೆಳಗೆ ಮುಚ್ಚಿಹೋದವು.

ಸೆರಗಿಗೆ ಬೆರಳು ಒರೆಸಿಕೊಂಡು ಅವಳು ಹೇಳಿದಳು: “ಈಗ ನೋಡ್ರಿ, ಹಣಿ ತುಂಬಿತು.”